ಒಂದೇ ನೀರು, ಹಲವು ಹೆಸರು: ತೈಲಬಾವಿಯ ಸವಳುನೀರು ಮತ್ತು ಸಾರ್ವಜನಿಕ ಸಂಶೋಧನೆಯ ಚರಿತ್ರೆ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಟೆಕ್ಸಾಸ್ ಗಡಿಗೆ ಸಮೀಪದಲ್ಲಿ, ಲೀ ಕೌಂಟಿಗೆ ಸೇರಿದ ಜಾಲ್ ಎಂಬ ಸಣ್ಣ ಊರಿದೆ. ಅದರ ಹೆಸರನ್ನು ರೋಮನ್ ಲಿಪಿಯಲ್ಲಿ ಕಂಡ ಭಾರತೀಯ ಓದುಗರು ಅದನ್ನು ‘ಜಲ’ ಎಂದೇ ಓದಿಕೊಂಡಾರು. ಆದರೆ ಆ ಹೆಸರಿಗೂ ನೀರಿಗೂ ಸಂಬಂಧವಿಲ್ಲ. ಜಾನ್ ಎ. ಲಿಂಚ್ ಎಂಬಾತನ ದನಗಳ ಮೈಮೇಲೆ ಕಾಯಿಸಿ ಒತ್ತುತ್ತಿದ್ದ ಜೆ, ಎ, ಎಲ್ ಎಂಬ ಮೂರಕ್ಷರದ ಬರೆಯೇ ಮುಂದೆ ಊರಿನ ಹೆಸರಾಯಿತು. ಮಳೆ ಕಡಿಮೆಯಿರುವ ಈ ಬಯಲಿನ ಅಡಿಯಲ್ಲಿ ಪರ್ಮಿಯನ್ ತೈಲಪ್ರದೇಶ ಹರಡಿದೆ. 25 ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿದ್ದ ಕಡಲಿನ ಪದರಗಳಿಂದ ಇಂದು ಎಣ್ಣೆಯನ್ನು ಎತ್ತಲಾಗುತ್ತಿದೆ. ಎಣ್ಣೆಯೊಂದಿಗೆ ನೀರೂ ಬರುತ್ತದೆ. ಈ ಸೀಮೆಯ ಪಶ್ಚಿಮ ಭಾಗದಲ್ಲಿ ಒಂದು ಬ್ಯಾರೆಲ್ ಎಣ್ಣೆಗೆ ಮೂರು ನಾಲ್ಕು ಬ್ಯಾರೆಲ್ ನೀರು ಮೇಲೇರುವುದು ಸಾಮಾನ್ಯ.

ಈ ನೀರಿನ ಪ್ರಮಾಣವನ್ನು ಊಹಿಸಿಕೊಳ್ಳುವುದು ಸುಲಭವಲ್ಲ. 2017ರ ಒಂದೇ ವರ್ಷದಲ್ಲಿ ಅಮೆರಿಕದ ತೈಲ ಮತ್ತು ಅನಿಲ ಬಾವಿಗಳಿಂದ ಹೊರಬಂದ ನೀರು ಸುಮಾರು 2,440 ಕೋಟಿ ಬ್ಯಾರೆಲ್ ಎಂದು ಲೆಕ್ಕ ಹಾಕಲಾಗಿದೆ. ಒಂದು ಬ್ಯಾರೆಲ್ ಎಂದರೆ 42 ಗ್ಯಾಲನ್, ಹೆಚ್ಚುಕಡಿಮೆ 159 ಲೀಟರ್. ದಕ್ಷಿಣ ಭಾರತದ ನೀರಾವರಿ ಲೆಕ್ಕದಲ್ಲಿ ಹೇಳುವುದಾದರೆ ಅದು ಸುಮಾರು 137 ಟಿಎಂಸಿ. ರಾಯದುರ್ಗ, ಆದೋನಿ ಸೀಮೆಗಳಿಗೆ ಕಾಲುವೆ ನೀರೂಡುವ ತುಂಗಭದ್ರಾ ಜಲಾಶಯದಲ್ಲಿ, ಹೂಳು ತುಂಬಿದ ಮೇಲೆ ಉಳಿದಿರುವ ಸಂಗ್ರಹ ಸಾಮರ್ಥ್ಯ ಸುಮಾರು 105 ಟಿಎಂಸಿ. ಅಂದರೆ ತುಂಬಿದ ತುಂಗಭದ್ರೆಗಿಂತ ಹೆಚ್ಚಿನ ಸವಳುನೀರು ಪ್ರತಿವರ್ಷ ನೆಲದಾಳದಿಂದ ಮೇಲೆ ಬಂದು, ಬಹುಪಾಲು ಮತ್ತೆ ನೆಲದಾಳಕ್ಕೇ ಹೋಗುತ್ತದೆ.

ಈ ನೀರನ್ನು ಶುದ್ಧೀಕರಿಸಿ ಹೊಲಕ್ಕೋ ಹೊಳೆಗೋ ಕಾರ್ಖಾನೆಗೋ ಬಳಸಬಹುದೇ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕದ ಒಕ್ಕೂಟ ಸರ್ಕಾರವೂ ರಾಜ್ಯಗಳೂ ಹಣ ಒದಗಿಸಿವೆ. ಈ ಹಣದ ಚರಿತ್ರೆಯನ್ನು ಸಾಮಾನ್ಯವಾಗಿ ತಂತ್ರಜ್ಞಾನದ ಚರಿತ್ರೆಯಾಗಿ ಹೇಳುವುದು ವಾಡಿಕೆ: ಯಾವ ಪೊರೆ, ಯಾವ ಬಾಷ್ಪೀಕರಣ ವಿಧಾನ, ಬ್ಯಾರೆಲ್‌ಗೆ ಎಷ್ಟು ಡಾಲರ್. ಅದರ ಇನ್ನೊಂದು ಮುಖ ಹೆಸರಿಗೆ ಸಂಬಂಧಿಸಿದ್ದು. ಇದೇ ನೀರು ಬೇರೆ ಬೇರೆ ಕಾಲದಲ್ಲಿ ಉಪ್ಪಿನ ಮೂಲ, ಕಿರುಕುಳ, ತ್ಯಾಜ್ಯ, ಸಂಪನ್ಮೂಲ ಎಂದು ಕರೆಸಿಕೊಂಡಿದೆ. ಪ್ರತಿ ಹೆಸರಿನ ಹಿಂದೆ ಒಡೆತನದ ಮತ್ತು ಹೊಣೆಯ ಒಂದು ವ್ಯವಸ್ಥೆಯಿದೆ. ಸಂಶೋಧನೆಗೆ ಹಣ ಯಾರು ಕೊಟ್ಟರು, ಯಾವ ಪ್ರಶ್ನೆಗೆ ಕೊಟ್ಟರು ಎಂಬುದು ಆ ಹೆಸರುಗಳ ಬದಲಾವಣೆಯೊಂದಿಗೆ ಹೆಣೆದುಕೊಂಡಿದೆ.

ಉಪ್ಪು ಬೇಕಾಗಿದ್ದ ಕಾಲ

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಅಮೆರಿಕದ ಅಪಲೇಶಿಯನ್ ಸೀಮೆಯಲ್ಲಿ ಬಾವಿ ಕೊರೆಯುತ್ತಿದ್ದವರಿಗೆ ಬೇಕಾಗಿದ್ದುದು ಎಣ್ಣೆಯಲ್ಲ, ಉಪ್ಪುನೀರು. ಅದನ್ನು ಕುದಿಸಿ ಉಪ್ಪು ತೆಗೆಯಲಾಗುತ್ತಿತ್ತು. ಅದರೊಂದಿಗೆ ತೇಲಿಬರುತ್ತಿದ್ದ ಎಣ್ಣೆ ಉಪ್ಪು ಕೆಡಿಸುವ ಉಪದ್ರವವೆನಿಸಿತ್ತು. ಪೆನ್ಸಿಲ್ವೇನಿಯಾದ ಟ್ಯಾರೆಂಟಮ್‌ನಲ್ಲಿ ಸ್ಯಾಮ್ಯುಯೆಲ್ ಕಿಯರ್ ಎಂಬ ವ್ಯಾಪಾರಿ ತನ್ನ ಉಪ್ಪುಬಾವಿಗಳಲ್ಲಿ ಬಂದ ಎಣ್ಣೆಯನ್ನು ಸೀಸೆಗೆ ತುಂಬಿ ಔಷಧಿಯೆಂದು ಮಾರಿದ. 1859ರಲ್ಲಿ ಟೈಟಸ್‌ವಿಲ್‌ನಲ್ಲಿ ಎಡ್ವಿನ್ ಡ್ರೇಕ್ ಕೊರೆಸಿದ ಹೆಸರಾಂತ ಎಣ್ಣೆಬಾವಿಯ ಕೆಲಸ ನಡೆಸಿದವನೂ ಉಪ್ಪುಬಾವಿಗಳನ್ನು ಕೊರೆದು ಪಳಗಿದ ಕಸುಬುದಾರನೇ. ಆ ನಂತರ ಬೆಲೆ ತಿರುವುಮುರುವಾಯಿತು. ಎಣ್ಣೆ ಸರಕಾಯಿತು, ಉಪ್ಪುನೀರು ಉಪದ್ರವವಾಯಿತು. ನೆಲದಿಂದ ಬಂದದ್ದು ಬದಲಾಗಿರಲಿಲ್ಲ, ಮಾರುಕಟ್ಟೆ ಬದಲಾಗಿತ್ತು.

ಈ ಉಪದ್ರವಕ್ಕೆ ಮೊದಲ ಪರಿಹಾರವೆಂದರೆ ಬಾವಿಯ ಪಕ್ಕದಲ್ಲೇ ತೋಡಿದ ಹೊಂಡ. ಆ ಹೊಂಡಗಳಿಂದ ಉಪ್ಪು ಇಂಗಿ ಮೇಲ್ಪದರದ ಅಂತರ್ಜಲವನ್ನು ಕೆಡಿಸಿತು, ಹರಿದಲ್ಲೆಲ್ಲ ಹುಲ್ಲು ಸುಟ್ಟಿತು. ನ್ಯೂ ಮೆಕ್ಸಿಕೊ 1967ರಲ್ಲಿ ತನ್ನ ಆಗ್ನೇಯ ಭಾಗದಲ್ಲಿ ಒಳಪದರವಿಲ್ಲದ ಹೊಂಡಗಳಿಗೆ ತಡೆಯೊಡ್ಡುವ ಆದೇಶ ಹೊರಡಿಸಿತು. ಟೆಕ್ಸಾಸಿನಲ್ಲಿಯೂ ಅಂಥದೇ ನಿಷೇಧ 1969ರಿಂದ ಜಾರಿಗೆ ಬಂತು. ಹೊಂಡದ ಬದಲು ಆಳದ ಕಲ್ಲುಪದರಕ್ಕೆ ನೀರನ್ನು ಒತ್ತಿ ಇಳಿಸುವ ಬಾವಿಗಳೇ ಮುಖ್ಯ ಮಾರ್ಗವಾದವು. 1974ರ ಸುರಕ್ಷಿತ ಕುಡಿಯುವ ನೀರಿನ ಕಾನೂನು ಇಂಥ ಬಾವಿಗಳನ್ನು ಒಂದು ವರ್ಗವಾಗಿ ಗುರುತಿಸುವ ವ್ಯವಸ್ಥೆಗೆ ತಳಹದಿ ಹಾಕಿತು. ಇಂದು ಆ ವರ್ಗದಲ್ಲಿ ಸುಮಾರು 1,80,000 ಬಾವಿಗಳಿವೆ. ಅವುಗಳಲ್ಲಿ ಹೆಚ್ಚಿನವು ಇನ್ನಷ್ಟು ಎಣ್ಣೆಯನ್ನು ಹೊರದೂಡಲು ನೀರೊತ್ತುವಂಥವು. ಉಳಿದವು ವಿಲೇವಾರಿಗೆಂದೇ ಇರುವಂಥವು.

ಕಾನೂನಿನ ಭಾಷೆ ಈ ನೀರನ್ನು ಎರಡು ರೀತಿ ಹಿಡಿಯಿತು. 1979ರ ಒಕ್ಕೂಟ ನಿಯಮದ ಪ್ರಕಾರ ಒಳನಾಡಿನ ತೈಲಬಾವಿಯ ನೀರನ್ನು ಹೊಳೆಗೆ ಬಿಡುವಂತಿಲ್ಲ. ಆದರೆ 98ನೆಯ ಪಶ್ಚಿಮ ರೇಖಾಂಶದಿಂದ ಪಶ್ಚಿಮಕ್ಕೆ, ಅಂದರೆ ಒಣಸೀಮೆಗೆ, ಒಂದು ವಿನಾಯಿತಿ ಇದೆ. ನೀರು ದನಕರು, ವನ್ಯಜೀವಿ ಅಥವಾ ಬೇಸಾಯಕ್ಕೆ ಸಾಕಷ್ಟು ಒಳ್ಳೆಯದಾಗಿದ್ದು, ನಿಜಕ್ಕೂ ಹಾಗೆ ಬಳಕೆಯಾಗುತ್ತಿದ್ದರೆ ಬಿಡಬಹುದು. ವ್ಯೋಮಿಂಗ್ ರಾಜ್ಯದ ವಿಂಡ್ ರಿವರ್ ಮೀಸಲು ನೆಲದಲ್ಲಿ, ಶೋಶೋನಿ ಮತ್ತು ಅರಾಪಹೊ ಜನರ ಸೀಮೆಯಲ್ಲಿ, ಇಂಥ ಅನುಮತಿಯ ಮೇಲೆ ತೈಲಕ್ಷೇತ್ರದ ನೀರು ಹಳ್ಳಗಳಿಗೆ ಹರಿದಿದೆ. ಇನ್ನೊಂದೆಡೆ, 1980ರ ಕಾನೂನು ತಿದ್ದುಪಡಿ ಮತ್ತು 1988ರಲ್ಲಿ ಪರಿಸರ ಸಂರಕ್ಷಣಾ ಸಂಸ್ಥೆ ಕೈಗೊಂಡ ನಿರ್ಣಯದಿಂದಾಗಿ ತೈಲಶೋಧನೆಯ ತ್ಯಾಜ್ಯಗಳು ಒಕ್ಕೂಟದ ಅಪಾಯಕಾರಿ ತ್ಯಾಜ್ಯದ ನಿಯಮಗಳಿಂದ ಹೊರಗುಳಿದವು. ಅವು ತ್ಯಾಜ್ಯ, ಆದರೆ ಆ ಕಾನೂನಿನ ಅರ್ಥದಲ್ಲಿ ಅಪಾಯಕಾರಿಯಲ್ಲ.

ಉದ್ಯಮದ ಇಂಗ್ಲಿಷಿನಲ್ಲಿ ನೆಲೆಯೂರಿದ ಹೆಸರು ‘ಪ್ರೊಡ್ಯೂಸ್ಡ್ ವಾಟರ್’. ಪದಶಃ ಕನ್ನಡಿಸಿದರೆ ‘ಉತ್ಪಾದಿತ ಜಲ’. ಆದರೆ ಈ ನೀರನ್ನು ಯಾರೂ ಉತ್ಪಾದಿಸಿದ್ದಲ್ಲ. ಬಾವಿಯಿಂದ ಹೊರತಂದದ್ದು ಎಂಬಷ್ಟೇ ಅರ್ಥದ ಆ ಇಂಗ್ಲಿಷ್ ಪದ, ಉತ್ಪನ್ನ ಎಂಬ ಧ್ವನಿಯನ್ನೂ ಒಳಗಿಟ್ಟುಕೊಂಡಿದೆ. ತುಂಗಭದ್ರಾ ಮತ್ತು ಕೃಷ್ಣಾ ಕಾಲುವೆ ಸೀಮೆಯ ಕನ್ನಡ ರೈತರ ಬಾಯಲ್ಲಿ ‘ಸವಳು-ಜವಳು’ ಎಂಬ ಜೋಡಿಪದವಿದೆ. ಉಪ್ಪು ಏರಿ, ನೀರು ನಿಂತು ಕೆಟ್ಟ ಭೂಮಿಗೆ ಆ ಹೆಸರು. ಅದು ನೀರಿನ ಗುಣವನ್ನು ಅದು ನೆಲಕ್ಕೆ ಮಾಡುವ ಕೆಲಸದಿಂದ ಗುರುತಿಸುತ್ತದೆ. ಈ ಲೇಖನದಲ್ಲಿ ಬಳಸಿರುವ ‘ಸವಳುನೀರು’ ಎಂಬ ಪದಕ್ಕೆ ಅದೇ ಆಧಾರ.

ಕಡಲಿಗಾಗಿ ತೆತ್ತ ಹಣ

ಉಪ್ಪುನೀರನ್ನು ಸಿಹಿನೀರಾಗಿಸುವ ಸಂಶೋಧನೆಗೆ ಅಮೆರಿಕದ ಸರ್ಕಾರ ವ್ಯವಸ್ಥಿತವಾಗಿ ಹಣ ತೊಡಗಿಸಲು ಆರಂಭಿಸಿದ್ದು 1952ರಲ್ಲಿ. ಆಗ ಅದರ ಕಣ್ಣು ತೈಲಬಾವಿಯ ಮೇಲಿರಲಿಲ್ಲ. ಆ ವರ್ಷದ ಲವಣಜಲ ಕಾನೂನು ಐದು ವರ್ಷಕ್ಕೆ 20 ಲಕ್ಷ ಡಾಲರ್ ಒದಗಿಸಿತು. ಆಂತರಿಕ ವ್ಯವಹಾರಗಳ ಇಲಾಖೆಯಲ್ಲಿ ಇದಕ್ಕೆಂದೇ ಒಂದು ಲವಣಜಲ ಕಚೇರಿ ಹುಟ್ಟಿಕೊಂಡಿತು. ಕಡಲ ನೀರು ಮತ್ತು ಒಳನಾಡಿನ ಚಪ್ಪೆ ಉಪ್ಪುನೀರು ಅದರ ವಿಷಯಗಳು. ಫ್ಲಾರಿಡಾ ವಿಶ್ವವಿದ್ಯಾಲಯದ ಚಾರ್ಲ್ಸ್ ರೀಡ್ ಈ ಕಚೇರಿಯ ಬೆಂಬಲದಿಂದ ಸೆಲ್ಯುಲೋಸ್ ಅಸಿಟೇಟ್ ಪೊರೆ ಉಪ್ಪನ್ನು ತಡೆದು ನೀರನ್ನು ಮಾತ್ರ ಬಿಡಬಲ್ಲದೆಂದು ತೋರಿಸಿದರು. ಆದರೆ ಆ ಪೊರೆಯಲ್ಲಿ ನೀರು ಹನಿಹನಿಯಾಗಿ ಮಾತ್ರ ಇಳಿಯುತ್ತಿತ್ತು. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಭಾರತದಿಂದ ಹೋಗಿದ್ದ ಶ್ರೀನಿವಾಸ ಸೌರಿರಾಜನ್ 1960ರ ಸುಮಾರಿಗೆ ಹೊಸ ಬಗೆಯ ಪೊರೆಯನ್ನು ತಯಾರಿಸಿದರು. ಮೇಲೆ ತೆಳು ಚರ್ಮ, ಕೆಳಗೆ ರಂಧ್ರಮಯವಾದ ಆಧಾರಪದರ. ನೀರಿನ ಹರಿವು ಹಲವು ಪಟ್ಟು ಹೆಚ್ಚಿತು. ಇಂದು ಮನೆಮನೆಯ ಆರ್‌ಒ ಯಂತ್ರದ ಹಿಂದಿರುವ ಮೂಲಕಲ್ಪನೆ ಇದೇ.

1958ರ ಇನ್ನೊಂದು ಕಾನೂನು ಪ್ರಾತ್ಯಕ್ಷಿಕೆಯ ಸ್ಥಾವರಗಳನ್ನು ಕಟ್ಟಲು 1 ಕೋಟಿ ಡಾಲರ್ ಮಂಜೂರು ಮಾಡಿತು. ಟೆಕ್ಸಾಸಿನ ಫ್ರೀಪೋರ್ಟ್‌ನ ಸ್ಥಾವರವನ್ನು 1961ರ ಜೂನ್ 21ರಂದು ಅಧ್ಯಕ್ಷ ಕೆನಡಿ ಶ್ವೇತಭವನದಿಂದಲೇ ಗುಂಡಿ ಒತ್ತಿ ಚಾಲನೆಗೊಳಿಸಿದರು. ದಿನಕ್ಕೆ 10 ಲಕ್ಷ ಗ್ಯಾಲನ್ ಸಿಹಿನೀರು ಅದರ ಗುರಿ. ಒಳನಾಡಿನ ಸವಳುನೀರಿಗೆಂದು ನ್ಯೂ ಮೆಕ್ಸಿಕೊದ ರಾಸ್ವೆಲ್‌ನಲ್ಲಿ ಮತ್ತೊಂದು ಸ್ಥಾವರ 1963ರಲ್ಲಿ ಆರಂಭವಾಯಿತು. 1965ರಲ್ಲಿ ಕ್ಯಾಲಿಫೋರ್ನಿಯಾದ ಕೊಲಿಂಗಾ ಪಟ್ಟಣದಲ್ಲಿ ಲೋಬ್ ಅವರ ಪೊರೆಯಿಂದ ಊರಿಗೆ ನೀರು ಕೊಡುವ ಕೆಲಸ ಶುರುವಾಯಿತು. ಅದು ದಿನಕ್ಕೆ 5,000 ಗ್ಯಾಲನ್‌ನ ಪುಟ್ಟ ಸ್ಥಾವರ. ಕೊಲಿಂಗಾ ತೈಲದ ಊರು. ಒಂದು ಕಾಲಕ್ಕೆ ಅಲ್ಲಿಗೆ ಕುಡಿಯುವ ನೀರು ರೈಲಿನಲ್ಲಿ ಬರುತ್ತಿತ್ತು. ಸುತ್ತಲಿನ ತೈಲಬಾವಿಗಳಿಂದ ಏರುತ್ತಿದ್ದ ನೀರನ್ನು ಬಿಟ್ಟು, ಊರ ಬಾವಿಯ ಚಪ್ಪೆ ಉಪ್ಪುನೀರನ್ನಷ್ಟೇ ಆ ಪೊರೆ ಶುದ್ಧಗೊಳಿಸಿತು.

ಈ ಯುಗದ ಒಂದು ಲಕ್ಷಣವನ್ನು ಗುರುತಿಸಬೇಕು. ಸಾರ್ವಜನಿಕ ಹಣದಿಂದ ಬಂದ ತಿಳಿವಳಿಕೆ ಸಾರ್ವಜನಿಕರಿಗೆ ಮುಕ್ತವಾಗಿರಬೇಕೆಂಬುದು ಆಗಿನ ಲವಣಜಲ ಕಾನೂನುಗಳ ಆಶಯವಾಗಿತ್ತು. ಕಚೇರಿಯ ಸಂಶೋಧನಾ ವರದಿಗಳು ಸರಣಿಯಾಗಿ ಪ್ರಕಟವಾಗುತ್ತಿದ್ದವು. 1974ರಲ್ಲಿ ಈ ಕಚೇರಿ ಜಲಸಂಶೋಧನೆಯ ಹೊಸ ಕಚೇರಿಯೊಂದರಲ್ಲಿ ಲೀನವಾಯಿತು. 1982ರಲ್ಲಿ, ರೇಗನ್ ಆಡಳಿತದ ವೆಚ್ಚಕಡಿತದ ಕಾಲದಲ್ಲಿ, ಅದನ್ನೂ ಮುಚ್ಚಲಾಯಿತು. ಮೂರು ದಶಕಗಳ ಸಾರ್ವಜನಿಕ ಹೂಡಿಕೆ ಹುಟ್ಟಿಸಿದ ಪೊರೆಯ ಉದ್ಯಮ ಜಗತ್ತಿನಾದ್ಯಂತ ಬೆಳೆಯಿತು. ಅದನ್ನು ಬೆಳೆಸಿದ ಸಂಸ್ಥೆ ಉಳಿಯಲಿಲ್ಲ.

ಆ ಪೊರೆಗೆ ಒಂದು ಮಿತಿಯಿತ್ತು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಅದರ ಎರಡರಷ್ಟಾದರೆ ಸಾಮಾನ್ಯ ಆರ್‌ಒ ಪೊರೆ ಕೈಚೆಲ್ಲುತ್ತದೆ. ಪರ್ಮಿಯನ್ ಸೀಮೆಯ ಸವಳುನೀರಿನಲ್ಲಿ ಲೀಟರಿಗೆ 100 ಗ್ರಾಂ ಮೀರಿದ ಉಪ್ಪು ಸಾಮಾನ್ಯ. ಒಂದು ಬ್ಯಾರೆಲ್ ನೀರಿನಲ್ಲಿ 16 ಕಿಲೋಗೂ ಹೆಚ್ಚು. ಜೊತೆಗೆ ಎಣ್ಣೆಯ ಅಂಶ, ಬೆಂಜೀನ್, ಅಮೋನಿಯ, ಬೋರಾನ್, ಕಲ್ಲುಪದರದಿಂದ ಕರಗಿಬಂದ ರೇಡಿಯಂ, ಬಾವಿಗೆ ಇಳಿಸಿದ ರಾಸಾಯನಿಕಗಳ ಉಳಿಕೆ. ಕಡಲಿಗಾಗಿ ಬೆಳೆದ ವಿಜ್ಞಾನವನ್ನು ಹಾಗೆಯೇ ಇಲ್ಲಿಗೆ ತರಲಾಗುತ್ತಿರಲಿಲ್ಲ.

ಕಲಿತು ಮರೆತ ಪಾಠ

ಸವಳುನೀರನ್ನು ಆಳಕ್ಕೆ ಇಳಿಸುವುದು ಅಗ್ಗವಾಗಿದ್ದಷ್ಟು ಕಾಲ ಮರುಬಳಕೆಯ ಪ್ರಶ್ನೆಗೆ ತುರ್ತು ಇರಲಿಲ್ಲ. ಆ ತುರ್ತನ್ನು ಭೂಕಂಪಗಳು ತಂದವು. ಆದರೆ ಆ ಎಚ್ಚರಿಕೆಯನ್ನೂ ಸಾರ್ವಜನಿಕ ಸಂಶೋಧನೆ ಬಹಳ ಹಿಂದೆಯೇ ಕೊಟ್ಟಿತ್ತು.

ಡೆನ್ವರ್ ನಗರದ ಬಳಿ ಅಮೆರಿಕದ ಸೇನೆ ತನ್ನ ರಾಸಾಯನಿಕ ಕಾರ್ಖಾನೆಯ ತ್ಯಾಜ್ಯವನ್ನು 1962ರಿಂದ 3,600 ಮೀಟರಿಗೂ ಆಳದ ಬಾವಿಗೆ ಇಳಿಸತೊಡಗಿತು. ಕೆಲವೇ ವಾರಗಳಲ್ಲಿ ಭೂಮಿ ನಡುಗಲಾರಂಭಿಸಿತು. 1966ರಲ್ಲಿ ಬಾವಿಯನ್ನು ನಿಲ್ಲಿಸಿದ ಮೇಲೂ ಮರುವರ್ಷ ದೊಡ್ಡ ಕಂಪನಗಳಾದವು. ಇದನ್ನು ಪರೀಕ್ಷಿಸಿ ನೋಡಲು ಭೂವೈಜ್ಞಾನಿಕ ಸರ್ವೇಕ್ಷಣಾಲಯ 1969ರಿಂದ ಕೊಲರಾಡೊದ ರೇಂಜ್ಲಿ ತೈಲಕ್ಷೇತ್ರದಲ್ಲಿ ಪ್ರಯೋಗ ನಡೆಸಿತು. ಬಾವಿಯ ಒತ್ತಡವನ್ನು ಏರಿಸಿದಾಗ ಕಂಪನ ಹೆಚ್ಚಿತು, ಇಳಿಸಿದಾಗ ಕಡಿಮೆಯಾಯಿತು. ಅದರ ಫಲಿತಾಂಶ 1976ರಲ್ಲಿ ಪ್ರಕಟವಾಯಿತು.

ಆ ತಿಳಿವಳಿಕೆ ಮೂವತ್ತು ವರ್ಷ ಗ್ರಂಥಾಲಯದಲ್ಲಿತ್ತು. 2009ಕ್ಕೆ ಮುನ್ನ ಓಕ್ಲಹೋಮದಲ್ಲಿ 3ಕ್ಕಿಂತ ಹೆಚ್ಚಿನ ಪ್ರಮಾಣದ ಭೂಕಂಪಗಳು ವರ್ಷಕ್ಕೆ ಒಂದೆರಡು. 2015ರ ಒಂದೇ ವರ್ಷದಲ್ಲಿ ಅವುಗಳ ಸಂಖ್ಯೆ 900 ದಾಟಿತು. 2016ರ ಸೆಪ್ಟೆಂಬರ್ 3ರಂದು ಪಾನಿ ಪಟ್ಟಣದ ಬಳಿ 5.8 ಪ್ರಮಾಣದ ಕಂಪನವಾಯಿತು. ಕಾರಣ ಮುಖ್ಯವಾಗಿ ಆಳಕ್ಕೆ ಇಳಿಸಿದ ಸವಳುನೀರೇ. ಸಾರ್ವಜನಿಕ ಹಣದಿಂದ ಗಳಿಸಿದ ಅರಿವು ನಿಯಮವಾಗಿ ಮಾರ್ಪಡದಿದ್ದರೆ ಅದಕ್ಕೆ ಮತ್ತೊಮ್ಮೆ ಬೆಲೆ ತೆರಬೇಕಾಗುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನಗಳು ವಿರಳ. ಪಾನಿಯಲ್ಲಿ ಆ ಬೆಲೆ ತೆತ್ತವರಲ್ಲಿ ಅಲ್ಲಿ ಕೇಂದ್ರ ಕಚೇರಿ ಹೊಂದಿರುವ, ಅದೇ ಹೆಸರಿನ ಮೂಲನಿವಾಸಿ ಜನಾಂಗವೂ ಇತ್ತು.

ಒಂದು ಕಾನೂನಿನ ಎರಡು ಕೈ

2005ರ ಇಂಧನ ನೀತಿ ಕಾನೂನು ಈ ಚರಿತ್ರೆಯ ತಿರುವು. ಅದರ 999ನೆಯ ವಿಧಿ ಒಕ್ಕೂಟಕ್ಕೆ ಬರುವ ತೈಲ ರಾಜಧನದಿಂದ ವರ್ಷಕ್ಕೆ 5 ಕೋಟಿ ಡಾಲರನ್ನು ಸಂಶೋಧನೆಗೆ ತೆಗೆದಿರಿಸಿತು. ಅದರ ಬಹುಪಾಲನ್ನು ಕಂಪನಿಗಳೂ ವಿಶ್ವವಿದ್ಯಾಲಯಗಳೂ ಸೇರಿದ ಒಂದು ಒಕ್ಕೂಟದ ಮೂಲಕ ಹಂಚಲಾಯಿತು. ಆಳಸಮುದ್ರದ ಕೊರೆತ ಮತ್ತು ಬಿಗಿಕಲ್ಲಿನ ಅನಿಲದೊಂದಿಗೆ ಸವಳುನೀರಿನ ಶುದ್ಧೀಕರಣವೂ ಅದರ ವಿಷಯಗಳಲ್ಲಿ ಸೇರಿತು. ಅದೇ ಕಾನೂನಿನ ಇನ್ನೊಂದು ವಿಧಿ, ಕಲ್ಲುಪದರ ಸೀಳಲು ದ್ರವ ಒತ್ತುವ ಕ್ರಮವನ್ನು, ಡೀಸೆಲ್ ಬಳಸಿದಾಗಿನ ಹೊರತು, ಸುರಕ್ಷಿತ ಕುಡಿಯುವ ನೀರಿನ ಕಾನೂನಿನ ನಿಯಂತ್ರಣದಿಂದ ಹೊರಗಿಟ್ಟಿತು. ಒಂದು ಕೈ ನೀರನ್ನು ಶುದ್ಧಗೊಳಿಸುವ ವಿದ್ಯೆಗೆ ಹಣ ಕೊಟ್ಟಿತು. ಇನ್ನೊಂದು ಕೈ ಅದೇ ಉದ್ಯಮದ ಮೇಲಿನ ನೀರಿನ ನಿಯಮವನ್ನು ಸಡಿಲಿಸಿತು. 2013ರ ಕೊನೆಯಲ್ಲಿ ಬಜೆಟ್ ಒಪ್ಪಂದವೊಂದರ ಭಾಗವಾಗಿ 999ನೆಯ ವಿಧಿ ರದ್ದಾಯಿತು. ಆ ಹೊತ್ತಿಗೆ ಶೇಲ್ ತೈಲದ ಅಲೆ ಉಕ್ಕಿತ್ತು, ಸವಳುನೀರಿನ ಪ್ರಮಾಣವೂ ಅದರೊಂದಿಗೆ ಏರುತ್ತಿತ್ತು.

ಮುಂದಿನ ಹಂತದಲ್ಲಿ ಉಪಕ್ರಮ ರಾಜ್ಯಗಳ ಕೈಗೆ ಬಂತು. ಓಕ್ಲಹೋಮದ ರಾಜ್ಯಪಾಲರು 2015ರಲ್ಲಿ ನೇಮಿಸಿದ ಕಾರ್ಯತಂಡ 2017ರಲ್ಲಿ ವರದಿ ಕೊಟ್ಟಿತು. ತೈಲಕ್ಷೇತ್ರದ ಒಳಗೇ ಮರುಬಳಸುವುದು ಮೊದಲ ಕಾರ್ಯಸಾಧ್ಯ ದಾರಿ, ಉಪ್ಪು ತೆಗೆದು ಹೊರಗೆ ಬಳಸುವುದು ದುಬಾರಿ ಎಂಬುದು ಅದರ ಸಾರ. ನ್ಯೂ ಮೆಕ್ಸಿಕೊ 2019ರಲ್ಲಿ ಇದಕ್ಕೆಂದೇ ಪ್ರತ್ಯೇಕ ಕಾನೂನು ಮಾಡಿತು. ತೈಲಕ್ಷೇತ್ರದ ಒಳಗಿನ ಬಳಕೆಗೆ ಒಂದು ಇಲಾಖೆ, ಹೊರಗಿನ ಬಳಕೆಗೆ ಜಲಗುಣಮಟ್ಟ ನಿಯಂತ್ರಣ ಆಯೋಗ ಎಂದು ಅಧಿಕಾರ ಹಂಚಿಕೆಯಾಯಿತು. ಅದೇ ಸೆಪ್ಟೆಂಬರಿನಲ್ಲಿ ರಾಜ್ಯದ ಪರಿಸರ ಇಲಾಖೆ ಮತ್ತು ನ್ಯೂ ಮೆಕ್ಸಿಕೊ ಸ್ಟೇಟ್ ವಿಶ್ವವಿದ್ಯಾಲಯ ಒಪ್ಪಂದ ಮಾಡಿಕೊಂಡು ಸಂಶೋಧನಾ ಒಕ್ಕೂಟವೊಂದನ್ನು ಸ್ಥಾಪಿಸಿದವು. 2021ರಲ್ಲಿ ಟೆಕ್ಸಾಸ್ ಶಾಸನಸಭೆ ಲಬಕ್‌ನ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ಅಂಥದೇ ಒಕ್ಕೂಟ ರಚಿಸಿತು. 2023ರಲ್ಲಿ ಕೊಲರಾಡೊ ಹಿಂಬಾಲಿಸಿತು. ಒಕ್ಕೂಟ ಸರ್ಕಾರದ ಇಂಧನ ಇಲಾಖೆ 2019ರಲ್ಲಿ ಉಪ್ಪುನೀರಿನ ಶುದ್ಧೀಕರಣಕ್ಕೆ ಐದು ವರ್ಷಕ್ಕೆ 10 ಕೋಟಿ ಡಾಲರಿನ ರಾಷ್ಟ್ರೀಯ ಕೇಂದ್ರವೊಂದನ್ನು ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ನೇತೃತ್ವದಲ್ಲಿ ಘೋಷಿಸಿತು. ಮುಚ್ಚಿಹೋಗಿದ್ದ ಲವಣಜಲ ಕಚೇರಿಯ ಕೆಲಸ ಬೇರೆ ರೂಪದಲ್ಲಿ ಮರಳಿ ಬಂದಂತಾಯಿತು.

ಆದರೆ ರೂಪದ ವ್ಯತ್ಯಾಸ ಸಣ್ಣದಲ್ಲ. 1952ರ ಮಾದರಿಯಲ್ಲಿ ಸರ್ಕಾರ ಹಣ ಕೊಟ್ಟು, ಪ್ರಶ್ನೆ ಕೇಳಿ, ಉತ್ತರವನ್ನು ಪ್ರಕಟಿಸುತ್ತಿತ್ತು. ರಾಜ್ಯಗಳ ಒಕ್ಕೂಟದ ಮಾದರಿಯಲ್ಲಿ ಸಾರ್ವಜನಿಕ ವಿಶ್ವವಿದ್ಯಾಲಯದ ಹೆಸರು ಮತ್ತು ಸ್ಥಳ, ನಿಯಂತ್ರಕ ಇಲಾಖೆಯ ಸಹಯೋಗ, ಉದ್ಯಮದ ಸದಸ್ಯತ್ವದ ಹಣ ಒಂದೇ ಮೇಜಿನ ಸುತ್ತ ಸೇರುತ್ತವೆ. ನೀರಿನ ಮಾದರಿ ಬೇಕಾದರೂ ಪ್ರಾಯೋಗಿಕ ಸ್ಥಾವರಕ್ಕೆ ಜಾಗ ಬೇಕಾದರೂ ಕಂಪನಿಯ ಸಹಕಾರ ಅನಿವಾರ್ಯ. ಇದರಿಂದ ಸಂಶೋಧನೆ ಸುಳ್ಳಾಗುವುದಿಲ್ಲ. ಆದರೆ ಯಾವ ಪ್ರಶ್ನೆ ಮೊದಲು, ಯಾವುದು ಆಮೇಲೆ ಎಂಬ ಅನುಕ್ರಮದ ಮೇಲೆ ಅದರ ನೆರಳು ಬೀಳುತ್ತದೆ. ಉಪ್ಪನ್ನು ಬೇರ್ಪಡಿಸುವ ಯಂತ್ರ ಬೇಗ ಸಿದ್ಧವಾಗುತ್ತದೆ. ಶುದ್ಧೀಕರಿಸಿದ ನೀರಿನಲ್ಲಿ ಇನ್ನೇನು ಉಳಿದಿದೆ ಎಂದು ತಿಳಿಯುವ ಕೆಲಸ ನಿಧಾನವಾಗಿ ಸಾಗುತ್ತದೆ. ಸವಳುನೀರಿನಲ್ಲಿ ಸಾವಿರಕ್ಕೂ ಹೆಚ್ಚು ರಾಸಾಯನಿಕಗಳು ಕಂಡುಬಂದ ವರದಿಗಳಿವೆ. ಅವುಗಳಲ್ಲಿ ಬಹಳಷ್ಟರ ವಿಷಗುಣದ ಬಗ್ಗೆ ಪೂರ್ಣ ಮಾಹಿತಿ ಇಲ್ಲ. ಅಷ್ಟು ಉಪ್ಪಿನ ನಡುವೆ ಅವುಗಳನ್ನು ಅಳೆಯುವುದಕ್ಕೇ ಸಾಮಾನ್ಯ ಪರೀಕ್ಷಾವಿಧಾನಗಳು ಒಗ್ಗುವುದಿಲ್ಲ. ಇನ್ನು ಅರ್ಧದಷ್ಟು ಸಿಹಿನೀರು ತೆಗೆದ ಮೇಲೆ ಉಳಿಯುವ ಅರ್ಧ ಎರಡರಷ್ಟು ಉಪ್ಪಾಗಿರುತ್ತದೆ. ಅದೂ ಮತ್ತೆ ಆಳದ ಬಾವಿಗೇ ಹೋಗಬೇಕು.

ಹೊಲದ ಸಾಕ್ಷ್ಯ

ಮರುಬಳಕೆಯ ಪರ ವಾದಿಸುವವರು ಎತ್ತಿಹಿಡಿಯುವ ಉದಾಹರಣೆ ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿ. 1899ರಲ್ಲಿ ಪತ್ತೆಯಾದ ಕರ್ನ್ ರಿವರ್ ತೈಲಕ್ಷೇತ್ರದ ನೀರು ಅಪರೂಪಕ್ಕೆ ಹೆಚ್ಚು ಉಪ್ಪಿಲ್ಲದ್ದು. 1990ರ ದಶಕದಿಂದ ಅದನ್ನು ಸೋಸಿ, ಎಣ್ಣೆಯಂಶ ತೆಗೆದು, ಸಿಹಿನೀರಿನೊಂದಿಗೆ ಬೆರೆಸಿ ಕವೆಲೊ ಜಲಜಿಲ್ಲೆಯ ತೋಟಗಳಿಗೆ ಹಾಯಿಸಲಾಗುತ್ತಿದೆ. ಸೋಸುವ ಒಂದು ಹಂತದಲ್ಲಿ ಬಳಸುವುದು ಅಕ್ರೋಟಿನ ಚಿಪ್ಪು. ಬಾದಾಮಿ, ಪಿಸ್ತಾ, ಕಿತ್ತಳೆ ಜಾತಿಯ ಹಣ್ಣುಗಳು ಆ ಸೀಮೆಯ ಬೆಳೆಗಳು. ಆಹಾರ ಸುರಕ್ಷತೆಯ ಬಗ್ಗೆ ಪ್ರಶ್ನೆಗಳೆದ್ದಾಗ ಅಲ್ಲಿನ ಪ್ರಾದೇಶಿಕ ಜಲಮಂಡಳಿ ತಜ್ಞರ ಸಮಿತಿ ರಚಿಸಿ ಹಲವು ವರ್ಷ ಅಧ್ಯಯನ ನಡೆಸಿತು. ಬೆಳೆಗಳಲ್ಲಿ ಗುರುತಿಸಬಹುದಾದ ಅಪಾಯ ಕಂಡುಬಂದಿಲ್ಲವೆಂಬ ತೀರ್ಮಾನದೊಂದಿಗೆ ಮಾಹಿತಿಯ ಕೊರತೆಯೂ ದಾಖಲಾಯಿತು. ಸ್ವತಂತ್ರ ಸಂಶೋಧಕರು ಮಣ್ಣಿನಲ್ಲಿ ಬೋರಾನ್ ಮತ್ತು ಸೋಡಿಯಂ ನಿಧಾನವಾಗಿ ಸೇರುವ ಸಾಧ್ಯತೆಯತ್ತ ಗಮನ ಸೆಳೆದರು. ನೀರು ಹಾಯಿಸಿದ ನೆಲ ಒಂದೆರಡು ತಲೆಮಾರಿನ ನಂತರ ಏನಾಗುತ್ತದೆ ಎಂಬುದು ಸವಳು-ಜವಳು ಕಂಡ ಕಾಲುವೆ ಸೀಮೆಯ ಕನ್ನಡಿಗರಿಗೆ ವಿವರಿಸಬೇಕಾದ ಸಂಗತಿಯಲ್ಲ. ಕವೆಲೊದ ನೀರಿಗೂ ಪರ್ಮಿಯನ್ ನೀರಿಗೂ ಹೆಸರು ಒಂದೇ. ಉಪ್ಪಿನ ಅಂತರ ನೂರು ಪಟ್ಟಿಗೂ ಮೀರಬಹುದು. ಒಂದೇ ಹೆಸರು ಕೊಡುವ ಈ ಭ್ರಮೆಯನ್ನು ನೀತಿಯ ಚರ್ಚೆಗಳು ಯಾವಾಗಲೂ ಗಮನಿಸುವುದಿಲ್ಲ.

ನೀರುಗಂಟಿಯ ನಾಡು

ನ್ಯೂ ಮೆಕ್ಸಿಕೊದ ಚರ್ಚೆಗೆ ಒಂದು ಭಾಷಿಕ ಹಿನ್ನೆಲೆಯೂ ಇದೆ. 1912ರಲ್ಲಿ ರಾಜ್ಯವಾದಾಗ ಅದರ ಸಂವಿಧಾನ, ಮೊದಲ ಇಪ್ಪತ್ತು ವರ್ಷ ಕಾನೂನುಗಳನ್ನು ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಎರಡರಲ್ಲೂ ಪ್ರಕಟಿಸಬೇಕೆಂದು ವಿಧಿಸಿತು. ಗಡಿ ಬದಲಾದುದರಿಂದ ಬೇರೊಂದು ದೇಶಕ್ಕೆ ಸೇರಿದ ಜನರಿಗೆ ಕೊಟ್ಟ ಭರವಸೆ ಅದು. ಆ ಜನರ ನೀರಾವರಿ ವ್ಯವಸ್ಥೆಗೆ ‘ಅಸೆಕಿಯ’ ಎಂದು ಹೆಸರು. ಅರಬ್ಬಿಯಿಂದ ಸ್ಪ್ಯಾನಿಷ್‌ಗೆ ಬಂದು, ಅಲ್ಲಿಂದ ಅಟ್ಲಾಂಟಿಕ್ ದಾಟಿದ ಪದ. ಕಾಲುವೆಯೂ ಅದೇ, ಅದನ್ನು ನಡೆಸುವ ಸಮುದಾಯವೂ ಅದೇ. ಸರದಿಯಂತೆ ನೀರು ಬಿಡುವ ಅಧಿಕಾರಿ ‘ಮಯೊರ್ದೊಮೊ’. ಮಡಕಶಿರಾ, ರಾಯದುರ್ಗ ಸೀಮೆಯ ಕೆರೆಗಳ ನೀರುಗಂಟಿಗೆ ಇವನು ಹತ್ತಿರದ ನೆಂಟ. ಇಬ್ಬರ ಕೆಲಸದ ಹಿಂದೆಯೂ ನೀರು ಹಂಚಿಕೊಳ್ಳುವ ವಸ್ತು ಎಂಬ ತಿಳಿವಳಿಕೆಯಿದೆ. ಪಾಲುದಾರನಾಗಬೇಕಾದರೆ ಹೂಳೆತ್ತುವ ದಿನ ಸಲಿಕೆ ಹಿಡಿದು ಬರಬೇಕು.

2023ರ ಡಿಸೆಂಬರಿನಲ್ಲಿ ರಾಜ್ಯಪಾಲರಾದ ಮಿಶೆಲ್ ಲುಹಾನ್ ಗ್ರಿಶಮ್ 50 ಕೋಟಿ ಡಾಲರಿನ ಯೋಜನೆಯೊಂದನ್ನು ಪ್ರಕಟಿಸಿದರು. ಶುದ್ಧೀಕರಿಸಿದ ಚಪ್ಪೆ ಉಪ್ಪುನೀರನ್ನೂ ತೈಲಬಾವಿಯ ನೀರನ್ನೂ ಸರ್ಕಾರ ಕೊಳ್ಳುವ ಭರವಸೆ ಕೊಟ್ಟು ಉದ್ಯಮಕ್ಕೆ ಮಾರುಕಟ್ಟೆ ಒದಗಿಸುವುದು ಅದರ ತಿರುಳು. ಇಲ್ಲಿ ಸಾರ್ವಜನಿಕ ಹಣ ಸಂಶೋಧನೆಯಿಂದ ಖರೀದಿಗೆ ಜಿಗಿಯಿತು. ಪರಿಸರ ಸಂಘಟನೆಗಳೂ ಪ್ಯೂಬ್ಲೊ ಜನಸಮುದಾಯಗಳ ಕಾರ್ಯಕರ್ತರೂ ವಿರೋಧಿಸಿದರು. ಕಂಪನಿಗಳ ತ್ಯಾಜ್ಯವನ್ನು ತೆರಿಗೆದಾರರೇಕೆ ಕೊಳ್ಳಬೇಕು ಎಂಬುದು ಅವರ ಪ್ರಶ್ನೆ. ಬರ ಮತ್ತು ಬತ್ತುವ ಅಂತರ್ಜಲದ ಎದುರು ಯಾವ ನೀರನ್ನೂ ಬಿಡುವಂತಿಲ್ಲ ಎಂಬುದು ಸರ್ಕಾರದ ಉತ್ತರ. ಎರಡೂ ಮಾತಿನಲ್ಲಿ ತೂಕವಿದೆ. 2024ರ ಅಧಿವೇಶನದಲ್ಲಿ ಯೋಜನೆಗೆ ಒಪ್ಪಿಗೆ ಸಿಗಲಿಲ್ಲ. 2025ರಲ್ಲಿ ಕಾನೂನು ಅಂಗೀಕಾರವಾದಾಗ ತೈಲಬಾವಿಯ ನೀರನ್ನು ಅದರಿಂದ ತೆಗೆಯಲಾಗಿತ್ತು, ಚಪ್ಪೆ ಉಪ್ಪುನೀರು ಮಾತ್ರ ಉಳಿದಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಜಲಗುಣಮಟ್ಟ ನಿಯಂತ್ರಣ ಆಯೋಗ, ದೀರ್ಘ ವಿಚಾರಣೆಯ ಬಳಿಕ, ಶುದ್ಧೀಕರಿಸಿದ ಸವಳುನೀರನ್ನೂ ನೆಲಕ್ಕೆ ಅಥವಾ ಹೊಳೆಗೆ ಬಿಡಬಾರದೆಂಬ ನಿಯಮವನ್ನು ಒಪ್ಪಿತು. ಪ್ರಾಯೋಗಿಕ ಯೋಜನೆಗಳಿಗೆ ಮಿತ ಅವಕಾಶ ಉಳಿಯಿತು. ಉದ್ಯಮದ ಪರವಾಗಿ ಮರುಪರಿಶೀಲನೆಯ ಕೋರಿಕೆ ಅದೇ ವರ್ಷ ಆಯೋಗದ ಮುಂದೆ ಬಂತು.

ಗಡಿಯಾಚೆಯ ಟೆಕ್ಸಾಸಿನಲ್ಲಿ ಅದೇ ಬೇಸಿಗೆ ಎರಡು ಘಟನೆಗಳು ನಡೆದವು. ಶುದ್ಧೀಕರಿಸಿದ ಸವಳುನೀರನ್ನು ಉತ್ಪಾದಿಸುವ, ಸಾಗಿಸುವ ಮತ್ತು ಬಳಸುವವರಿಗೆ, ಘೋರ ನಿರ್ಲಕ್ಷ್ಯದಂಥ ಸಂದರ್ಭಗಳ ಹೊರತು, ನಷ್ಟಪರಿಹಾರದ ಹೊಣೆಯಿಂದ ರಕ್ಷಣೆ ಕೊಡುವ ಕಾನೂನು ಅಂಗೀಕಾರವಾಯಿತು. ಜೂನ್ 27ರಂದು ರಾಜ್ಯದ ಸುಪ್ರೀಂ ಕೋರ್ಟ್ ರೀವ್ಸ್ ಕೌಂಟಿಯ ಒಂದು ವ್ಯಾಜ್ಯದಲ್ಲಿ ತೀರ್ಪು ಕೊಟ್ಟಿತು. ನೆಲದೊಡೆಯರು ತೈಲದ ಹಕ್ಕನ್ನು ಕಂಪನಿಗೆ ಕೊಟ್ಟಿದ್ದರು. ಆಮೇಲೆ ಬಾವಿಯ ನೀರಿನ ಹಕ್ಕನ್ನು ಬೇರೊಂದು ಸಂಸ್ಥೆಗೆ ಬರೆದುಕೊಟ್ಟಿದ್ದರು. ನೀರು ನೆಲದೊಡೆಯನದೇ ಅಲ್ಲವೇ ಎಂಬುದು ಆ ಸಂಸ್ಥೆಯ ವಾದ. ನ್ಯಾಯಾಲಯ ಒಪ್ಪಲಿಲ್ಲ. ಇದರಲ್ಲಿ ನೀರಿದ್ದರೂ ಇದು ತೈಲೋತ್ಪಾದನೆಯ ತ್ಯಾಜ್ಯ, ಪತ್ರದಲ್ಲಿ ಬೇರೆ ರೀತಿ ಕಾದಿರಿಸದಿದ್ದರೆ ತೈಲದ ಹಕ್ಕಿನೊಂದಿಗೇ ಸಾಗುತ್ತದೆ ಎಂದಿತು. ತ್ಯಾಜ್ಯವೆಂಬ ಹೆಸರು ಒಂದು ಕಾಲಕ್ಕೆ ಹೊಣೆಯ ಹೆಸರಾಗಿತ್ತು. ಮರುಬಳಕೆಯ ಬೆಲೆ ಕಾಣಿಸಿಕೊಂಡ ಮೇಲೆ ಅದು ಒಡೆತನದ ಹೆಸರೂ ಆಯಿತು.

ಹೀಗೆ 2025ರಲ್ಲಿ ಒಂದೇ ಕಲ್ಲುಪದರದ ನೀರು ಗಡಿಯ ಪಶ್ಚಿಮಕ್ಕೆ ಹೊರಬಿಡಲಾಗದ ಅಪಾಯ, ಪೂರ್ವಕ್ಕೆ ಹಕ್ಕಿರುವ ಆಸ್ತಿ ಎನಿಸಿತು. ನ್ಯೂ ಮೆಕ್ಸಿಕೊದ ಸವಳುನೀರಿನ ಒಂದು ದೊಡ್ಡ ಪಾಲು ಕೊಳವೆಗಳಲ್ಲಿ ಟೆಕ್ಸಾಸಿಗೆ ಹೋಗಿ ಅಲ್ಲಿನ ಆಳದ ಬಾವಿಗಳಿಗೆ ಇಳಿಯುತ್ತದೆ. ಆ ಬಾವಿಗಳ ಸೀಮೆಯಲ್ಲಿಯೂ ಭೂಮಿ ನಡುಗಿದೆ. 2022ರ ನವೆಂಬರಿನಲ್ಲಿ ಪಶ್ಚಿಮ ಟೆಕ್ಸಾಸಿನಲ್ಲಿ 5.4 ಪ್ರಮಾಣದ ಕಂಪನ ದಾಖಲಾಯಿತು. ಆಡಳಿತದ ಗೆರೆಯ ಎರಡು ಬದಿಗೆ ಬೇರೆ ಬೇರೆ ಕಾನೂನು, ಬೇರೆ ಬೇರೆ ಸಂಶೋಧನಾ ಒಕ್ಕೂಟ, ಬೇರೆ ಬೇರೆ ಹೆಸರು. ಕೆಳಗಿನ ಪದರಕ್ಕೆ ಆ ಗೆರೆ ಗೊತ್ತಿಲ್ಲ.

ಎಪ್ಪತ್ತು ವರ್ಷಗಳ ಈ ಚರಿತ್ರೆಯಲ್ಲಿ ಸಾರ್ವಜನಿಕ ಹಣ ವ್ಯರ್ಥವಾಗಿಲ್ಲ. ಕೊಲಿಂಗಾದ ಪೊರೆಯೂ ರೇಂಜ್ಲಿಯ ಪ್ರಯೋಗವೂ ಕವೆಲೊದ ಅಧ್ಯಯನವೂ ಅದರ ಫಲಗಳು. ಫಲಗಳು ಉಳಿದದ್ದು ಮುಕ್ತವಾಗಿ ಪ್ರಕಟವಾದಾಗ, ಉಪಯೋಗಕ್ಕೆ ಬಂದದ್ದು ನಿಯಮವಾಗಿ ಮಾರ್ಪಟ್ಟಾಗ. ಉಪ್ಪು ಬೇರ್ಪಡಿಸುವ ಖರ್ಚು ಇಳಿದಂತೆ ಮರುಬಳಕೆಯ ಒತ್ತಡ ಇನ್ನೂ ಹೆಚ್ಚುತ್ತದೆ. ಆಗ ಉಳಿಯುವ ಪ್ರಶ್ನೆಗಳು ಹಳೆಯವೇ: ನೀರಿನಲ್ಲಿ ಏನಿದೆ ಎಂದು ಅಳೆಯುವವರು ಯಾರು, ಆ ಅಳತೆಯನ್ನು ನೋಡುವ ಹಕ್ಕು ಯಾರಿಗೆ, ಮೂವತ್ತು ವರ್ಷದ ಮೇಲೆ ನೆಲ ಕೆಟ್ಟರೆ ಉತ್ತರಿಸುವವರು ಯಾರು. ಜಾಲ್ ಊರಿನ ಹೆಸರು ದನದ ಬೆನ್ನಿನ ಒಡೆತನದ ಗುರುತಾಗಿ ಹುಟ್ಟಿತು. ಅದರ ಕೆಳಗಿನ ನೀರಿಗೆ ಈಗ ಒಡೆಯರ ಗುರುತು ಬೀಳುತ್ತಿದೆ. ಹೊಣೆಗಾರನ ಗುರುತು ಇನ್ನೂ ಬೀಳಬೇಕಾಗಿದೆ.